ಮಿಲ್ಟ್ರಿ ಮಾವ

ನಿನ್ನೆ ಸಕಲೇಶಪುರದಲ್ಲಿ ಬಸ್ಸು ಹೇಮಾವತಿ ಸೇತುವೆ ದಾಟುವಾಗ ಮಿಲ್ಟ್ರಿ ಮಾವ ನೆನಪಾದರು. ತೀರಿಕೊಂಡು ಎರಡು ಮಳೆಗಾಲ ಆಯ್ತು.

1971ರ ಯುದ್ಧದಲ್ಲಿ ಇದ್ದವರು. ಡಿಸೆಂಬರ್ 16 ಬಂದರೆ ಇಸ್ತ್ರಿ ಮಾಡಿದ ಅಂಗಿಗೆ ಮೆಡಲ್ ಸಿಕ್ಕಿಸಿಕೊಂಡು ಪೇಟೆಗೆ ಹೋಗಿ, ಒಂದು ಕಾಫಿ ಕುಡಿದು ಬರುತ್ತಿದ್ದರು. ಅಷ್ಟೇ. ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದ ದಿನ ಅದು ಅಂತ ನನಗೆ ಗೊತ್ತಾಗಿದ್ದು ಸ್ಕೂಲ್ ಪುಸ್ತಕದಿಂದ, ಅವರಿಂದಲ್ಲ.

ಕಾಡಿನ ವಿಷಯ ಬಂದರೆ ಮಾತ್ರ ಬಾಯಿ ನಿಲ್ಲುತ್ತಿರಲಿಲ್ಲ. ಇಂಬಳ ಹತ್ತದ ಹಾಗೆ ಕಾಲಿಗೆ ಹೊಗೆಸೊಪ್ಪು, ಸುಣ್ಣ ಉಜ್ಜೋದು, ಕಳಲೆ ಹೆಚ್ಚಿ ನೆನೆಹಾಕಿ, ದಿನಾ ನೀರು ಬದಲಿಸಿ ಕಹಿ ತೆಗೆಯೋದು, ಎಲ್ಲ ಅವರೇ ಕಲಿಸಿದ್ದು. ಒಮ್ಮೆ ಬಿಸಿಲೆ ದಾರಿಯಲ್ಲಿ ಮಂಕನಹಳ್ಳಿ ದಿಣ್ಣೆ ಮೇಲೆ ನಿಲ್ಲಿಸಿ, "ಇಲ್ಲಿ ಬಿದ್ದ ಮಳೆ ಈ ಕಡೆ ಹರಿದ್ರೆ ಕುಮಾರಧಾರೆ, ಅರಬ್ಬಿ ಸಮುದ್ರ. ಆ ಕಡೆ ಹರಿದ್ರೆ ಹೇಮಾವತಿ, ಕಾವೇರಿ, ಬಂಗಾಳಕೊಲ್ಲಿ ಕಣೋ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಆ ಕಡೆ ಹೋದ ಹನಿ" ಅಂತ ನಕ್ಕರು.

ಮೀನಿನ ಉದ್ದ ಹೇಳೋದರಲ್ಲಿ ಭಾರಿ ಸುಳ್ಳುಗಾರ, ಬಿಡಿ. ಅವರ ಗಾಳ ಈಗ ನಮ್ಮ ಅಟ್ಟದಲ್ಲಿದೆ. ಇಳಿಸಬೇಕು ಅಂದುಕೊಳ್ಳುತ್ತೇನೆ. ಆದರೆ ಎರೆಹುಳು ಮುಟ್ಟೋಕೆ ನನಗೆ ಈಗಲೂ ಅಸಹ್ಯ.