ಬಸ್ಸಿನಲ್ಲಿ ಹತ್ತಿ, ಮೆಟ್ಟಿಲಿನಲ್ಲಿ ಇಳಿದು

ಗುಡ್ಡಗಳ ಮೇಲೆ ಹರಡಿಕೊಂಡ ನಗರವೊಂದರಲ್ಲಿ ಕೆಲವು ತಿಂಗಳು ಇರಬೇಕಾಗಿ ಬಂದಾಗ ನಾನು ಮಾಡಿದ ಮೊದಲ ತಪ್ಪೆಂದರೆ ನಕ್ಷೆಯನ್ನು ನಂಬಿದ್ದು. ಫೋನಿನ ಪರದೆಯಲ್ಲಿ ನನ್ನ ಕೋಣೆಗೂ ಹತ್ತಿರದ ಬಸ್ ನಿಲ್ದಾಣಕ್ಕೂ 200 ಮೀಟರ್ ಅಂತರವಿತ್ತು. ಆದರೆ ಆ ನಿಲ್ದಾಣ 15 ಮಹಡಿಗಳಷ್ಟು ಕೆಳಗಿದೆ ಎಂಬುದು ಅಲ್ಲಿಗೆ ಹೊರಟ ಮೇಲೆಯೇ ತಿಳಿದದ್ದು. ಅಂದಿನಿಂದ ನಾನು ದೂರವನ್ನು ಕೇಳುವುದನ್ನು ಬಿಟ್ಟು ಎತ್ತರವನ್ನು ಕೇಳತೊಡಗಿದೆ.

ಲೆಕ್ಕ ಸರಳವಾದದ್ದು. ಶೇಕಡಾ 10ರ ಏರು ಎಂದರೆ 10 ಮೀಟರ್ ಮುಂದೆ ಹೋದಾಗ 1 ಮೀಟರ್ ಮೇಲೇರುವುದು. ಬಸ್ಸಿಗೆ ಅದೇ ಸಾಕಷ್ಟು ಕಡಿದಾದ ರಸ್ತೆ. ಹಾಗಾಗಿ 100 ಮೀಟರ್ ಎತ್ತರದ ಗುಡ್ಡವನ್ನು ಹತ್ತಲು ರಸ್ತೆಯು ಕನಿಷ್ಠ ಒಂದು ಕಿಲೋಮೀಟರ್ ಸುತ್ತಿಕೊಂಡು ಹಾವಿನಂತೆ ಹೊರಳಬೇಕಾಗುತ್ತದೆ. ಮೆಟ್ಟಿಲುಗಳಿಗೆ ಆ ಹಂಗಿಲ್ಲ. ಅವು ತಿರುವುಗಳನ್ನೆಲ್ಲ ಅಡ್ಡಡ್ಡಲಾಗಿ ಸೀಳಿಕೊಂಡು ನೇರವಾಗಿ ಏರುತ್ತವೆ, ಆದರೆ ಅದೇ 100 ಮೀಟರಿಗೆ ಸುಮಾರು 600 ಮೆಟ್ಟಿಲುಗಳಾಗುತ್ತವೆ.

ಈ ಎರಡು ದಾರಿಗಳ ಸಂಬಂಧ ನನಗೆ ಅರ್ಥವಾದದ್ದು ಬಸ್ಸು ತಪ್ಪಿದ ಒಂದು ಬೆಳಿಗ್ಗೆ. ಕೆಳಗಿನ ನಿಲ್ದಾಣಕ್ಕೆ ನಾನು ಓಡಿ ಬರುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಏನೂ ಮಾತಾಡದೆ ಮೆಟ್ಟಿಲುಗಳತ್ತ ಬೆರಳು ತೋರಿಸಿದರು. ಏದುಸಿರು ಬಿಡುತ್ತ ಎರಡು ತಿರುವುಗಳಷ್ಟು ಮೇಲೆ ಹತ್ತಿ ರಸ್ತೆ ಸೇರಿದಾಗ, ನಡುವಿನ ನಿಲ್ದಾಣಗಳಲ್ಲಿ ಜನರನ್ನು ಹತ್ತಿಸಿಕೊಂಡು ನಿಧಾನವಾಗಿ ಸುತ್ತಿ ಬರುತ್ತಿದ್ದ ಅದೇ ಬಸ್ಸು ನನ್ನೆದುರಿಗೆ ಬಂದು ನಿಂತಿತು. ಅಂಥ ಸಾಹಸವನ್ನು ನಿತ್ಯ ಮಾಡಲಾಗದು. ನಾನು ರೂಢಿಸಿಕೊಂಡದ್ದು ಅದರ ತಿರುಗುಮುರುಗು: ಹತ್ತುವಾಗ ಬಸ್ಸು, ಇಳಿಯುವಾಗ ಮೆಟ್ಟಿಲು. (ಇಳಿಯುವುದು ಸುಲಭವೆಂದು ಹೇಳುವವರ ಮಂಡಿಗಳು ಇನ್ನೂ ಎಳೆಯವು.)

ಚಾಲಕರ ಕೆಲಸವನ್ನು ಹತ್ತಿರದಿಂದ ನೋಡಲೆಂದೇ ನಾನು ಮುಂದಿನ ಆಸನ ಹಿಡಿಯುತ್ತಿದ್ದೆ. ಏರಿನ ನಡುವೆ ನಿಲ್ಲಿಸಿದ ಬಸ್ಸನ್ನು ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸುವುದು ಕಷ್ಟದ ಕೆಲಸ. ಆದ್ದರಿಂದ ರಸ್ತೆ ಸ್ವಲ್ಪ ಸಮತಟ್ಟಾಗುವ ಕಡೆ ನಿಲ್ದಾಣ ಮಾಡುವುದೇ ಲೇಸು, ಅದು ಯಾರ ಮನೆಗೂ ಹತ್ತಿರವಲ್ಲದಿದ್ದರೂ ಸರಿಯೆ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತಿಗೆ ಇದೇ ಕಾರಣ, ಏಕೆಂದರೆ ಕೆಳ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಹಿಡಿಯುತ್ತದೆ. ಇಳಿಯುವ ಬಸ್ಸು ಏರುವ ಬಸ್ಸಿಗಿಂತ ಹೆಚ್ಚೇನೂ ಬೇಗ ತಲುಪುವುದಿಲ್ಲ ಎಂಬುದರ ಗುಟ್ಟೂ ಇದೇ.

ಏರಿಗೆ ನಿಜವಾಗಿ ಒಗ್ಗುವುದು ವಿದ್ಯುತ್ ಬಸ್ಸು ಎಂಬುದು ನನ್ನ ಅಭಿಪ್ರಾಯ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲ ಕೊಡುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ನಗರವು ತನ್ನ ಕಡಿದಾದ ಬೀದಿಗಳಲ್ಲಿ ಮೇಲಿನ ತಂತಿಯಿಂದ ವಿದ್ಯುತ್ ಪಡೆಯುವ ಟ್ರಾಲಿ ಬಸ್ಸುಗಳನ್ನು ಉಳಿಸಿಕೊಂಡಿರುವುದು ಸುಮ್ಮನೆ ಅಲ್ಲ. ಅಲ್ಲಿನ 24ನೇ ಸಂಖ್ಯೆಯ ಮಾರ್ಗದಲ್ಲಿ ಒಂದೆಡೆ ಏರು ಶೇಕಡಾ 22ನ್ನೂ ಮೀರುತ್ತದೆ. ತುಂಬಿದ ಬಸ್ಸು 15 ಟನ್ ತೂಗುತ್ತದೆ ಎಂದುಕೊಂಡರೆ, ಅದನ್ನು 100 ಮೀಟರ್ ಎತ್ತಲು, ಘರ್ಷಣೆ ಮೊದಲಾದ ನಷ್ಟಗಳನ್ನು ಬಿಟ್ಟು, ಸುಮಾರು 4 ಯೂನಿಟ್ ವಿದ್ಯುತ್ ಬೇಕು. ಇಳಿಯುವಾಗ ಮೋಟಾರು ಜನರೇಟರಿನಂತೆ ತಿರುಗಿ ಅದರಲ್ಲೊಂದು ಪಾಲನ್ನು ಮರಳಿಸುತ್ತದೆ. ತಮಾಷೆಯೆಂದರೆ, ಗುಡ್ಡದ ನೆತ್ತಿಯಲ್ಲೇ ಬ್ಯಾಟರಿಯನ್ನು ತುಂಬ ಚಾರ್ಜ್ ಮಾಡಿಕೊಂಡು ಹೊರಟ ಬಸ್ಸಿಗೆ ಆ ಲಾಭ ಸಿಗದು, ತುಂಬಿದ ಕೊಡಕ್ಕೆ ನೀರು ಹೊಯ್ದಂತಾಗುತ್ತದೆ.

ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಹಿಂದಿನ ಸಾಲನ್ನು ಬಿಡಬೇಕು. ಹಿಂದಿನ ಗಾಲಿಗಳ ಆಚೆಗಿನ ಭಾಗವೇ ಹೆಚ್ಚು ಓಲಾಡುವುದು. ಒಳಗಿವಿ ತಿರುವನ್ನು ಅನುಭವಿಸುತ್ತಿರುವಾಗ ಕಣ್ಣು ಮಾತ್ರ ಕದಲದ ಫೋನನ್ನು ನೋಡುತ್ತಿದ್ದರೆ ಮಿದುಳಿಗೆ ಎರಡರ ತಾಳ ತಪ್ಪುತ್ತದೆ. ಮುಂದಿನ ರಸ್ತೆಯನ್ನು ನೋಡುತ್ತ ಕುಳಿತರೆ ಎಷ್ಟೋ ವಾಸಿ.

ನನಗೆ ಕೊನೆಯವರೆಗೂ ಒಗ್ಗದೆ ಉಳಿದದ್ದು ದಿಕ್ಕು. ತಿರುವು ಕಳೆದ ಮೇಲೆ ಬಸ್ಸಿನ ಮುಖವೇ ಹಿಂದುಮುಂದಾಗುವುದರಿಂದ, ಅದು ಯಾವ ಕಡೆಗೆ ಹೊರಟಿದೆ ಎಂದು ನೋಡಿ ಹತ್ತುವಂತಿರಲಿಲ್ಲ, ಪ್ರತಿ ಸಲವೂ "ಮೇಲಕ್ಕೋ, ಕೆಳಕ್ಕೋ?" ಎಂದು ಕೇಳಿಯೇ ಕಾಲಿಡುತ್ತಿದ್ದೆ. ವೇಳಾಪಟ್ಟಿಯಲ್ಲಿ ನಾನು ಬಾಯಿಪಾಠ ಮಾಡಿಕೊಂಡದ್ದು ಒಂದೇ ಒಂದು ಸಾಲು, ರಾತ್ರಿ ಮೇಲಕ್ಕೆ ಹೋಗುವ ಕೊನೆಯ ಬಸ್ಸಿನದು. ಕೆಳಕ್ಕೆ ಬರುವ ಕೊನೆಯ ಬಸ್ಸು ಎಷ್ಟು ಗಂಟೆಗೆಂದು ನಾನು ಯಾರನ್ನೂ ಕೇಳಿದ್ದೇ ಇಲ್ಲ.