ಏಣಿ ಇರುವ ದೋಣಿ

ಮೆಕ್ಸಿಕೊದ ಕೊಸುಮೆಲ್ ದ್ವೀಪದ ಬಳಿ ನಡುನೀರಿನಲ್ಲಿ ಅಪ್ಪ ಕೈ ಎತ್ತಿದರು. ನಾನು ಮಗಳ ಲೈಫ್ ಜಾಕೆಟ್ಟಿನ ಪಟ್ಟಿ ಹಿಡಿದುಕೊಂಡು ಅವರಿಂದ ಮೂವತ್ತು ಅಡಿ ದೂರದಲ್ಲಿದ್ದೆ. ಮಾರ್ಗದರ್ಶಿ ಚುರುಕಾಗಿ ಈಜುವವರ ಜೊತೆ ಮುಂದೆ ಹೋಗಿಬಿಟ್ಟಿದ್ದ. ದೋಣಿಗಾಗಿ ತಿರುಗಿ ನೋಡಿದರೆ ಅದು ಬಹಳ ಹಿಂದೆ ಉಳಿದಿತ್ತು. ಅದು ಕದಲಿರಲಿಲ್ಲ, ನಾವೇ ತೇಲಿಕೊಂಡು ಬಂದಿದ್ದೆವು.

ಆ ದ್ವೀಪದ ಪಶ್ಚಿಮ ದಂಡೆಯ ಉದ್ದಕ್ಕೂ ಸೆಳೆತ ಸಾಮಾನ್ಯವಾಗಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಮುಖವಾಡ, ಉಸಿರಾಟದ ಕೊಳವೆ ಹಾಕಿಕೊಂಡು ತೇಲುತ್ತಾ ನೀರಿನೊಳಗೆ ನೋಡುವುದೇ ಸ್ನಾರ್ಕ್ಲಿಂಗ್; ಅಲ್ಲಿ ಅದು ಎಂದರೆ ಒಂದು ಕಡೆ ನೀರಿಗೆ ಇಳಿಯುವುದು, ಸೆಳೆತ ಒಯ್ದಂತೆ ತೇಲುವುದು, ದೋಣಿ ಬೆನ್ನಿಗೇ ಬಂದು ಇನ್ನೊಂದು ಕಡೆ ಹತ್ತಿಸಿಕೊಳ್ಳುವುದು. ನೀರು ಬಲ್ಲವರಿಗೆ ಇದು ಬಹಳ ಸುಖದ ಪಯಣ. ಕಾಲು ಆಡಿಸದೆ ಹವಳದ ಬೆಟ್ಟಗಳ ಮೇಲೆ ಹದ್ದಿನ ಹಾಗೆ ಹಾಯಬಹುದು. ಟಿಕೆಟ್ ಕಾಯ್ದಿರಿಸುವಾಗ ಈ ಸೆಳೆತದ ವಿಷಯವನ್ನು ನಾನು ಓದಿಯೇ ಇದ್ದೆ. ಅರವತ್ತೊಂಬತ್ತರ ಅಪ್ಪ ಮತ್ತು ಎಂಟು ವರ್ಷದ ಮಗಳು ಅದರಲ್ಲಿದ್ದರೆ ಹೇಗಿರುತ್ತದೆ ಎಂದು ಮಾತ್ರ ಕಲ್ಪಿಸಿಕೊಂಡಿರಲಿಲ್ಲ.

ದೋಣಿ ಬಂತು. ಬಹುಶಃ ನಾಲ್ಕೈದು ನಿಮಿಷ ಆಗಿರಬೇಕು, ನನಗೆ ಅದು ಒಂದು ಗಂಟೆ. ಅಪ್ಪನ ಮುಖವಾಡದೊಳಗೆ ನೀರು ತುಂಬಿ, ಒಂದೆರಡು ಗುಟುಕು ಉಪ್ಪುನೀರು ಗಂಟಲಿಗೂ ಹೋಗಿತ್ತು. ಅಷ್ಟಾದರೂ ಅವರು ಹೆದರಿರಲಿಲ್ಲ. ಕಷ್ಟವಾದದ್ದು ಹತ್ತುವಾಗ. ದೋಣಿಯ ಪಕ್ಕದಲ್ಲಿ ನೇರವಾಗಿ ಇಳಿಬಿಟ್ಟ, ಅಲೆಗೆ ಓಲಾಡುವ ಸಣ್ಣ ಕಬ್ಬಿಣದ ಏಣಿ. ಕಾಲಿನಲ್ಲಿ ಈಜುರೆಕ್ಕೆ. ಕೈ ಕೊಡಲು ನೀರಿನಲ್ಲಿ ಯಾರೂ ಇಲ್ಲ. ಮೂರನೆಯ ಪ್ರಯತ್ನದಲ್ಲಿ ಹತ್ತಿದರು, ಮೊಣಕಾಲು ತರಚಿ ರಕ್ತ ಜಿನುಗುತ್ತಿತ್ತು. ಟವೆಲ್ ಸುತ್ತಿಕೊಂಡು ಕುಳಿತ ಅಪ್ಪ, "ನಿನ್ನ ತಪ್ಪಲ್ಲ ಕಣಮ್ಮ, ನನ್ನ ಮೀಸೆಯ ತಪ್ಪು" ಎಂದರು.

ತಪ್ಪು ನನ್ನದೇ. ಆ ಪ್ರವಾಸವನ್ನು ನಾನು ಚಿತ್ರ ನೋಡಿ ಆರಿಸಿದ್ದೆ.

ನಾವು ಹೊರಟಿದ್ದು ಆರು ಜನ. ನಾನು, ಗಂಡ, ಹದಿನೈದರ ಮಗ, ಎಂಟರ ಮಗಳು, ಮತ್ತು ತಿಪಟೂರಿನಿಂದ ನಮ್ಮ ಜೊತೆ ಇರಲು ನಾರ್ತ್ ಕ್ಯಾರೊಲೈನಾಕ್ಕೆ ಬಂದಿದ್ದ ಅಪ್ಪ, ಅಮ್ಮ. ಡಿಸೆಂಬರ್ ರಜೆ, ಮಯಾಮಿಯಿಂದ ಏಳು ರಾತ್ರಿಗಳ ಕ್ರೂಸ್, ದಾರಿಯಲ್ಲಿ ನಾಲ್ಕು ನಿಲ್ದಾಣ: ಮೆಕ್ಸಿಕೊದ ಕೊಸುಮೆಲ್, ಬೆಲೀಜ್, ಹೊಂಡುರಾಸಿನ ರೊವಾಟಾನ್, ಗ್ರ್ಯಾಂಡ್ ಕೇಮನ್. ಹಡಗು ಮಯಾಮಿ ಬಿಟ್ಟರೆ ಅಮೆರಿಕ ಬಿಟ್ಟಂತೆಯೇ, ಹಾಗಾಗಿ ಅಪ್ಪ ಅಮ್ಮನ ವೀಸಾ ಹಲವು ಬಾರಿ ಪ್ರವೇಶಿಸಲು ಅವಕಾಶವಿರುವಂಥದ್ದು ಎಂಬುದನ್ನು ಮೊದಲೇ ನೋಡಿಕೊಂಡಿದ್ದೆವು.

ಈ ನಾಲ್ಕರಲ್ಲಿ ಮೊದಲ ಮೂರೂ ಒಂದೇ ಹವಳದ ಸಾಲಿಗೆ ಸೇರಿದವು. ಮೆಕ್ಸಿಕೊದಿಂದ ಹೊಂಡುರಾಸ್‌ವರೆಗೆ ಸುಮಾರು ಸಾವಿರ ಕಿಲೋಮೀಟರ್ ಹಬ್ಬಿರುವ ಮೆಸೊಅಮೆರಿಕನ್ ಹವಳದ ದಿಬ್ಬ ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು. ಮೀನು ಎಲ್ಲ ಕಡೆಯೂ ಇದ್ದೇ ಇರುತ್ತದೆ. ಹೀಗಿರುವಾಗ ಯಾವ ನಿಲ್ದಾಣದಲ್ಲಿ ಹೆಚ್ಚು ಬಣ್ಣದ ಮೀನು ಎಂದು ಎರಡು ವಾರ ತಲೆ ಕೆಡಿಸಿಕೊಂಡ ನಾನು, ನೀರಿಗೆ ಇಳಿಯುವುದು ಹೇಗೆ, ಮೇಲೆ ಬರುವುದು ಹೇಗೆ, ಎಲ್ಲರಿಗಿಂತ ಹಿಂದೆ ಬೀಳುವವರ ಜೊತೆ ಯಾರಿರುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಯಾರಿಗೂ ಕೇಳಲೇ ಇಲ್ಲ.

ಅದೇ ದಿನ ಕೊಸುಮೆಲ್‌ನಲ್ಲಿ ದೋಣಿ ಕೊನೆಗೆ ನಿಂತದ್ದು ಎಲ್ ಸಿಯೆಲೊ ಎಂಬಲ್ಲಿ. ಹೆಸರಿನ ಅರ್ಥ ಆಕಾಶ. ಎದೆಮಟ್ಟದ ತಿಳಿನೀರು, ಕೆಳಗೆ ಬಿಳಿ ಮರಳು, ಮರಳಿನ ಮೇಲೆ ನಕ್ಷತ್ರ ಮೀನುಗಳು. ಅವನ್ನು ಮುಟ್ಟಬಾರದು, ನೀರಿನಿಂದ ಎತ್ತಲಂತೂ ಬಾರದು. ಹಡಗಿನಲ್ಲೇ ಉಳಿದಿದ್ದ ಅಮ್ಮನೂ ಇಲ್ಲಿ ನಿಲ್ಲಬಹುದಿತ್ತು. ಈ ಒಂದು ಜಾಗಕ್ಕಷ್ಟೇ ಹೋಗುವ ದೋಣಿಗಳೂ ಇವೆ ಎಂಬುದು ತಿಳಿದದ್ದು ಆಗ.

ಮರುದಿನ ಬೆಲೀಜ್. ಅಲ್ಲಿನ ಕರಾವಳಿಯ ನೀರು ಆಳವಿಲ್ಲದ್ದರಿಂದ ದೊಡ್ಡ ಹಡಗುಗಳು ದಡದಿಂದ ಮೈಲಿಗಟ್ಟಲೆ ದೂರ ಲಂಗರು ಹಾಕುತ್ತವೆ. ಸಣ್ಣ ದೋಣಿಯಲ್ಲಿ ದಡಕ್ಕೆ, ಅಲ್ಲಿಂದ ಇನ್ನೊಂದು ದೋಣಿಯಲ್ಲಿ ಹವಳದ ಕಡೆಗೆ. ಹೋಗಿ ಬರುವುದರಲ್ಲೇ ಅರ್ಧ ದಿನ. ಗಂಡ ಮತ್ತು ಮಗ ಇಬ್ಬರೇ ಹೋಗಿ, ನರ್ಸ್ ಶಾರ್ಕ್ ನೋಡಿ, ಸುಟ್ಟ ಬೆನ್ನಿನೊಂದಿಗೆ ಬಂದರು. ಹವಳಕ್ಕೆ ಹಾನಿ ಮಾಡುವ ಸನ್‌ಸ್ಕ್ರೀನ್ ಬೇಡವೆಂದು ಮಗ ಹಟ ಹಿಡಿದಿದ್ದ. ಅದು ಸರಿಯೇ, ಆದರೆ ಅದರ ಬದಲು ಹಾಕಿಕೊಳ್ಳಬೇಕಾಗಿದ್ದ ತುಂಬು ತೋಳಿನ ಈಜಂಗಿಯನ್ನು ಹಡಗಿನಲ್ಲಿ ಮರೆತಿದ್ದ.

ಉಳಿದ ನಾವು ಹಡಗಿನಲ್ಲಿದ್ದೆವು. ಜನರೆಲ್ಲ ಇಳಿದು ಹೋಗಿದ್ದರಿಂದ ಮೇಲಂತಸ್ತು ಖಾಲಿ. ಅಮ್ಮ ಮನೆಯಿಂದ ತಂದಿದ್ದ ಚಟ್ನಿಪುಡಿಯ ಪೊಟ್ಟಣ ಬಿಚ್ಚಿದಳು, ಊಟದ ಮನೆಯಿಂದ ತಂದ ಬ್ರೆಡ್ಡಿಗೆ ಬೆಣ್ಣೆಯೊಂದಿಗೆ ಹಚ್ಚಿಕೊಂಡು ತಿಂದೆವು. ಅಪ್ಪ ಮಾತ್ರ ಕೋಣೆಯಲ್ಲೇ ಇದ್ದರು. ಹೋಗಿ ನೋಡಿದರೆ ಸ್ನಾನದ ಕನ್ನಡಿಯ ಮುಂದೆ ಸಣ್ಣ ಕತ್ತರಿ ಹಿಡಿದು ನಿಂತಿದ್ದಾರೆ. ಮುಖವಾಡದ ರಬ್ಬರಿನ ಅಂಚು ಚರ್ಮಕ್ಕೆ ಅಂಟಿದರೆ ಮಾತ್ರ ನೀರು ತಡೆಯುತ್ತದೆ, ನಡುವೆ ಕೂದಲಿದ್ದರೆ ಅದೇ ಕಾಲುವೆಯಾಗುತ್ತದೆ ಎಂದು ಮೊಮ್ಮಗ ಹಿಂದಿನ ರಾತ್ರಿ ವಿವರಿಸಿದ್ದನಂತೆ. ಮೂಗಿನ ಕೆಳಗೆ, ಮೀಸೆಯ ಮೇಲಂಚಿನಲ್ಲಿ, ಒಂದು ಗೆರೆಯಷ್ಟು ಜಾಗವನ್ನು ಅಪ್ಪ ಬೋಳು ಮಾಡಿಕೊಳ್ಳುತ್ತಿದ್ದರು. ನನಗೆ ಬುದ್ಧಿ ತಿಳಿದಾಗಿನಿಂದ ಆ ಮೀಸೆಗೆ ಕತ್ತರಿ ತಾಗಿದ್ದರೆ ಅದು ತುದಿಗೆ ಮಾತ್ರ. "ನಾಳೆ ಇನ್ನೊಂದು ಸಲ ನೋಡೋಣ" ಎಂದರು, ಕನ್ನಡಿಯಿಂದ ಕಣ್ಣು ತೆಗೆಯದೆ.

ಅಪ್ಪ ಈಜು ಕಲಿತದ್ದು ಊರಿನ ಮೆಟ್ಟಿಲು ಬಾವಿಯಲ್ಲಿ, ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು. ಆಮೇಲೆ ಕೆಲಸ, ಮನೆ, ನಮ್ಮ ಓದು. ನೀರಿಗೆ ಇಳಿದು ನಲವತ್ತು ವರ್ಷಗಳ ಮೇಲಾಗಿತ್ತು. ಇದೆಲ್ಲ ನನಗೆ ಗೊತ್ತಿದ್ದ ಸಂಗತಿಯೇ. ಆದರೂ ಕಾಯ್ದಿರಿಸುವಾಗ ಅಪ್ಪನನ್ನು 'ಈಜು ಬರುತ್ತದೆ' ಎಂಬ ಪಟ್ಟಿಗೆ ಸೇರಿಸಿ ಮುಂದೆ ಹೋಗಿದ್ದೆ. ಬಾವಿಗೆ ನಾಲ್ಕು ಗೋಡೆ ಇರುತ್ತವೆ, ದಣಿದರೆ ಹಿಡಿದುಕೊಳ್ಳಲು ಕಲ್ಲಿರುತ್ತದೆ.

ರೊವಾಟಾನ್‌ನಲ್ಲಿ ಕಾಯ್ದಿರಿಸಿದ್ದು ಮತ್ತೊಂದು ದೋಣಿಯ ಪ್ರವಾಸ. ಬೆಲೀಜ್‌ನಲ್ಲಿ ನಿಂತಿದ್ದಾಗಲೇ ಅದನ್ನು ರದ್ದು ಮಾಡಿದೆ. ಸ್ವಲ್ಪ ಹಣ ಹೋಯಿತು, ಹೋಗಲಿ. ದ್ವೀಪದ ಪಶ್ಚಿಮ ತುದಿಯ ವೆಸ್ಟ್ ಬೇ ಕಡಲತೀರದಲ್ಲಿ ಹವಳದ ಸಾಲು ದಡದಿಂದ ಈಜಿಕೊಂಡೇ ಮುಟ್ಟುವಷ್ಟು ಹತ್ತಿರ. ಮರಳಿನಿಂದ ಮೊಣಕಾಲು ನೀರಿಗೆ, ಅಲ್ಲಿಂದ ಸೊಂಟಕ್ಕೆ, ಅಲ್ಲಿಂದ ತೇಲುವುದು. ಬೇಡವೆನಿಸಿದರೆ ತಿರುಗಿ ನಡೆದು ಬರುವುದು. ಬಂದರಿನಿಂದ ಟ್ಯಾಕ್ಸಿ ಹಿಡಿದೆವು, ಹೊರಡುವ ಮೊದಲೇ ಬಾಡಿಗೆ ಮಾತಾಡಿಕೊಂಡು, ಹಿಂದಿರುಗುವ ಹೊತ್ತನ್ನೂ ಹೇಳಿ.

ಹೊತ್ತಿನ ವಿಷಯ ಸಣ್ಣದಲ್ಲ. ಬೆಲೀಜ್ ಮತ್ತು ಹೊಂಡುರಾಸ್ ಚಳಿಗಾಲದಲ್ಲಿ ಮಯಾಮಿಗಿಂತ ಒಂದು ಗಂಟೆ ಹಿಂದೆ. ನಮ್ಮ ಹಡಗು ತನ್ನ ಗಡಿಯಾರ ಬದಲಿಸಲಿಲ್ಲ, ಆದರೆ ದಡ ಮುಟ್ಟಿದೊಡನೆ ನಮ್ಮ ಮೊಬೈಲ್‌ಗಳು ತಾವೇ ಬದಲಿಸಿಕೊಂಡವು. ಮೊಬೈಲ್ ನಂಬಿ ಹಿಂದಿರುಗಿದ್ದರೆ ಒಂದು ಗಂಟೆ ತಡವಾಗುತ್ತಿತ್ತು. ಹಡಗಿನವರ ಮೂಲಕ ಕಾಯ್ದಿರಿಸಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ಹೊರಗಿನವರ ಮೂಲಕವೋ ಸ್ವಂತವಾಗಿಯೋ ಹೋದರೆ ಕಾಯುವುದಿಲ್ಲ. ಹಡಗಿನವರ ದರ ಹೆಚ್ಚಿರುವುದರಲ್ಲಿ ಈ ಭರವಸೆಯ ಬೆಲೆಯೂ ಸೇರಿದೆ. ಆ ದಿನ ನಾವು ನಂಬಿದ್ದು ಅಪ್ಪನ ಕೈಯಲ್ಲಿದ್ದ ಎಚ್‌ಎಂಟಿ ಗಡಿಯಾರವನ್ನು. ಬೆಳಿಗ್ಗೆ ಕೀಲಿ ಕೊಟ್ಟ ಮೇಲೆ ಅದು ಯಾವ ದೇಶ ಬಂದರೂ ತನ್ನ ಸಮಯ ಬಿಟ್ಟು ಕದಲುವುದಿಲ್ಲ. ನೀರಿಗೆ ಇಳಿಯುವ ಮುನ್ನ ಅದನ್ನು ಅಮ್ಮನ ಕೈಗೆ ಕಟ್ಟಿದರು.

ಹನ್ನೊಂದರ ಬಿಸಿಲು. ಅಪ್ಪ ಮುಖವಾಡ ಹಾಕಿ ಸೊಂಟದಾಳದಲ್ಲಿ ನಿಂತು ಬಾಗಿ ಮುಖ ಮುಳುಗಿಸಿದರು. ಎದ್ದರು. ನೀರಿಲ್ಲ. ಮತ್ತೆ ಮುಳುಗಿಸಿದರು. ಕೊಳವೆಯೊಳಗೆ ಉಸಿರಾಡುವುದು ಕಲಿಯಬೇಕಾದ ಕೆಲಸ: ನಿಧಾನವಾಗಿ, ಪೂರ್ತಿಯಾಗಿ, ಭಜನೆಯಲ್ಲಿ ಸ್ವರ ಎಳೆದಂತೆ. ನೀರು ನುಗ್ಗಿದರೆ ಒಮ್ಮೆಲೇ ಜೋರಾಗಿ ಊದಬೇಕು. ನಮ್ಮ ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಇದನ್ನು ನಾಲ್ಕು ಭಾನುವಾರ ಅಭ್ಯಾಸ ಮಾಡಿಸಿದ್ದೆ, ಅಪ್ಪನನ್ನು ದಡದ ಕುರ್ಚಿಯಲ್ಲಿ ಕೂರಿಸಿ. ಈಗ ಎಂಟು ವರ್ಷದವಳು ತಾತನ ಪಕ್ಕದಲ್ಲಿ ನಿಂತು ಕಲಿಸುತ್ತಿದ್ದಳು. "ತಾತಾ, ಅವಸರ ಮಾಡಬೇಡಿ. ಒಂದು, ಎರಡು, ಮೂರು ಎಣಿಸಿ ಬಿಡಿ."

ನಂತರ ಅವರಿಬ್ಬರೂ ಕೈ ಹಿಡಿದು ತೇಲಿಕೊಂಡು ಹೋದರು. ನಾನು ಒಂದು ಮಾರು ಹಿಂದೆ.

ಕೆಳಗೆ ಗೋಡೆಯಂತೆ ಎದ್ದ ಹವಳ. ನೇರಳೆ ಬೀಸಣಿಗೆಗಳು ಅಲೆಯ ಜೊತೆ ಅತ್ತಿತ್ತ ಬಾಗುತ್ತಿದ್ದವು. ಮಿದುಳಿನ ಮಡಿಕೆಗಳಿರುವ ದುಂಡು ಹವಳದ ಮೇಲೆ ಹಳದಿ ಕಪ್ಪು ಪಟ್ಟೆಯ ಸಣ್ಣ ಮೀನುಗಳ ದಂಡು. ಅಲ್ಲಲ್ಲಿ ಬರಿ ಬಿಳಿ, ಸತ್ತ ಹವಳ. 2023ರ ಬೇಸಿಗೆಯಲ್ಲಿ ಕೆರಿಬಿಯನ್ ಸಮುದ್ರ ಕಾದಾಗ ಇಡೀ ಪ್ರದೇಶದಲ್ಲಿ ಹವಳಗಳು ಬಣ್ಣ ಕಳೆದುಕೊಂಡವು. 2014ರಲ್ಲಿ ಫ್ಲಾರಿಡಾದಲ್ಲಿ ಮೊದಲು ಕಂಡ ಹವಳದ ರೋಗವೊಂದು ಅದಕ್ಕೂ ಮುಂಚೆಯೇ ಈ ಕಡೆಗೆ ಹರಡಿತ್ತು. ನನ್ನ ಮಕ್ಕಳು ನೋಡುತ್ತಿರುವುದು ಉಳಿದದ್ದನ್ನು ಎಂದು ನೆನಪಾಗಿ ಎದೆ ಭಾರವಾಯಿತು. ಅಷ್ಟರಲ್ಲಿ ಮಗಳು ಕೈ ಚಾಚಿ ತೋರಿಸಿದಳು. ಒಂದು ದೊಡ್ಡ ಗಿಳಿಮೀನು, ಹಸಿರು ಮೈ, ಗುಲಾಬಿ ಅಂಚು, ಮೂತಿಯಲ್ಲಿ ಕೊಕ್ಕಿನಂಥ ಹಲ್ಲು. ಅದು ಹವಳದ ಕಲ್ಲನ್ನು ಕೆರೆದು ಕೆರೆದು ಪಾಚಿ ತಿನ್ನುತ್ತಿತ್ತು. ಆ ಸದ್ದು ನೀರಿನೊಳಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಕರುಮ್, ಕರುಮ್. ತಿಂದ ಕಲ್ಲು ಅದರ ಹೊಟ್ಟೆಯಿಂದ ನುಣ್ಣನೆಯ ಪುಡಿಯಾಗಿ ಹೊರಬರುತ್ತದೆ. ಕೆರಿಬಿಯನ್ನಿನ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಹಾಗೆ ಆದದ್ದು.

ಅಪ್ಪ ನಲವತ್ತು ನಿಮಿಷ ತಲೆ ಎತ್ತಲಿಲ್ಲ. ದಡಕ್ಕೆ ಬಂದು ಮುಖವಾಡ ತೆಗೆದಾಗ ಹಣೆಯ ಮೇಲೆ, ಕೆನ್ನೆಯ ಮೇಲೆ ಕೆಂಪು ಗುರುತು. "ಕಬ್ಬು ಅಗಿಯುವ ಸದ್ದು" ಎಂದರು ಅಮ್ಮನಿಗೆ. "ಆಲೆಮನೆಯ ಪಕ್ಕ ಎತ್ತುಗಳು ಕಬ್ಬಿನ ಸೋಗೆ ತಿನ್ನುತ್ತವಲ್ಲ, ಅದೇ ಸದ್ದು ಕಣೇ, ಸಮುದ್ರದೊಳಗೆ." ಅಮ್ಮ ಏನೂ ಹೇಳದೆ ಅವರ ತಲೆ ಒರೆಸಿದಳು.

ಅಮ್ಮನ ಸರದಿ ಗ್ರ್ಯಾಂಡ್ ಕೇಮನ್‌ನಲ್ಲಿ. ಜಾರ್ಜ್ ಟೌನ್‌ನಲ್ಲಿ ಕ್ರೂಸ್ ಹಡಗು ನಿಲ್ಲುವ ಕಟ್ಟೆ ಇಲ್ಲ, ಸಣ್ಣ ದೋಣಿಗಳಲ್ಲೇ ಇಳಿಯಬೇಕು. ಚಳಿಗಾಲದಲ್ಲಿ ವಾಯವ್ಯದ ಗಾಳಿ ಎದ್ದರೆ ಅದೂ ಆಗದೆ ಹಡಗು ಮುಂದೆ ಹೋಗಿಬಿಡುವುದುಂಟು. ಹಾಗಾದಾಗ ಹಣ ಹಿಂದೆ ಬರಲಿ ಎಂದು ಇದೊಂದನ್ನು ಮಾತ್ರ ಹಡಗಿನವರ ಮೂಲಕವೇ ಕಾಯ್ದಿರಿಸಿದ್ದೆ. ಅದೃಷ್ಟಕ್ಕೆ ಗಾಳಿ ಇರಲಿಲ್ಲ. ನಾರ್ತ್ ಸೌಂಡ್ ಎಂಬ ಅಗಲವಾದ ಕೊಲ್ಲಿಯ ನಡುವೆ ಸೊಂಟಮಟ್ಟದ ಮರಳುದಿಬ್ಬ. ಹಿಂದೆ ಮೀನುಗಾರರು ತಮ್ಮ ಮೀನು ಸ್ವಚ್ಛಗೊಳಿಸಿ ಬೇಡದ್ದನ್ನು ಎಸೆಯುತ್ತಿದ್ದ ಜಾಗ. ಅದನ್ನು ತಿನ್ನಲು ಬಂದ, ಚಪ್ಪಟೆ ಮೈಯ, ಬಾಲದಲ್ಲಿ ಮುಳ್ಳಿರುವ ಸ್ಟಿಂಗ್‌ರೇಗಳು ಅಲ್ಲೇ ನೆಲೆ ನಿಂತವು. ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನಿನ ಬಳಗ.

ಇದರ ಬಗ್ಗೆ ಮನೆಯಲ್ಲಿ ವಾದ ನಡೆದಿತ್ತು. ಸಹಜವಾಗಿ ಈ ಜೀವಿಗಳು ರಾತ್ರಿ ಹೊತ್ತು ಒಂಟಿಯಾಗಿ ಆಹಾರ ಹುಡುಕುತ್ತವೆ, ಇಲ್ಲಿ ಪ್ರವಾಸಿಗರು ಕೊಡುವ ತುತ್ತಿಗಾಗಿ ಹಗಲು ಗುಂಪುಗೂಡುತ್ತವೆ, ಇದು ಸರಿಯಲ್ಲ ಎಂದಿದ್ದ ಮಗ. ಅವನ ಮಾತಿನಲ್ಲಿ ಸತ್ಯವಿದೆ, ಈಗಲೂ ನನಗೆ ಅಳುಕಿದೆ. ಆದರೆ ಈಜು ಬಾರದ ಅಮ್ಮ ನಿಂತುಕೊಂಡೇ ಸಮುದ್ರದ ಜೀವಿಯೊಂದನ್ನು ನೋಡಬಹುದಾದ ಜಾಗ ನಮ್ಮ ದಾರಿಯಲ್ಲಿ ಉಳಿದಿದ್ದದ್ದು ಇದೊಂದೇ. ತಿನಿಸು ಕೊಡುವುದಿಲ್ಲ, ಹಿಡಿದು ಎತ್ತುವುದಿಲ್ಲ ಎಂದು ಒಪ್ಪಿಕೊಂಡು ಹೋದೆವು.

ದೋಣಿಯ ಹಿಂಭಾಗದಲ್ಲಿ ಅಗಲವಾದ ಮೆಟ್ಟಿಲುಗಳ ಏಣಿ, ಎರಡೂ ಕಡೆ ಹಿಡಿಕೆ, ಕೆಳಗೆ ನೀರಿನಲ್ಲಿ ಒಬ್ಬ ಸಿಬ್ಬಂದಿ. ನಾನು ಹತ್ತುವ ಮೊದಲು ನೋಡಿದ್ದು ಅದನ್ನೇ. ತುಂಬು ತೋಳಿನ ಈಜಂಗಿ, ಕಾಲುಮುಚ್ಚುವ ಲೆಗ್ಗಿಂಗ್ ತೊಟ್ಟ ಅಮ್ಮ ಒಂದೊಂದೇ ಮೆಟ್ಟಿಲು ಇಳಿದಳು. ಮರಳಿನಲ್ಲಿ ಹೂತು ಮಲಗಿರುವ ಮೀನನ್ನು ತುಳಿಯದಿರಲು ಪಾದ ಎತ್ತದೆ ಉಜ್ಜಿಕೊಂಡು ನಡೆಯಬೇಕು ಎಂದು ಆತ ತೋರಿಸಿಕೊಟ್ಟ. ಅಷ್ಟರಲ್ಲಿ ಮೊರದಗಲದ ಬೂದು ಬಣ್ಣದ ಒಂದು ಸ್ಟಿಂಗ್‌ರೇ ಬಂದು ಅಮ್ಮನ ಮೊಣಕೈಗೆ ತನ್ನ ರೆಕ್ಕೆಯಂಚನ್ನು ತಾಗಿಸಿ ಹೋಯಿತು. ಅಮ್ಮ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. "ಬೆಣ್ಣೆ ಸವರಿದ ಬಾಳೆಲೆ" ಎಂದಳು ಸ್ವಲ್ಪ ಹೊತ್ತಿನ ಮೇಲೆ.

ಕೊನೆಯ ದಿನ ಪೂರ್ತಿ ಸಮುದ್ರ. ಮಗ ಬೆನ್ನಿಗೆ ಲೋಳೆಸರ ಹಚ್ಚಿಸಿಕೊಂಡು ಬೋರಲು ಮಲಗಿದ್ದ. ಅಪ್ಪ ಗಡಿಯಾರಕ್ಕೆ ಕೀಲಿ ಕೊಡುತ್ತಾ ಅಮ್ಮನನ್ನು ಕೇಳಿದರು, "ಮುರುಡೇಶ್ವರಕ್ಕೆ ನಾವು ಎಷ್ಟು ಸಲ ಹೋಗಿದ್ದೇವೆ?"

"ನಾಲ್ಕು."

"ನಾಲ್ಕು ಸಲವೂ ದೇವಸ್ಥಾನ ನೋಡಿ ಬಂದೆವು. ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ದೋಣಿ ಹೋಗುತ್ತದೆ, ಅಲ್ಲೂ ಹವಳ ಇದೆ ಎಂದು ಇವನು ಹೇಳುತ್ತಿದ್ದಾನೆ."

ದಡದಿಂದ ಸುಮಾರು ಹತ್ತೊಂಬತ್ತು ಕಿಲೋಮೀಟರ್, ಮಳೆಗಾಲದಲ್ಲಿ ಹೋಗಲಾಗುವುದಿಲ್ಲ, ಮರಳಿಲ್ಲ, ದೋಣಿಯಿಂದ ನೇರ ಆಳದ ನೀರಿಗೇ ಇಳಿಯಬೇಕು ಎಂದು ಮಗ ಮಲಗಿದಲ್ಲಿಂದಲೇ ಎಚ್ಚರಿಸಿದ. ಅಪ್ಪ ಮೂಗಿನ ಕೆಳಗಿನ ಬೋಳು ಗೆರೆಯನ್ನು ಬೆರಳಿನಿಂದ ಸವರಿಕೊಂಡರು. ಅಲ್ಲಿ ಆಗಲೇ ಬಿಳಿ ಕೂದಲು ಚಿಗುರುತ್ತಿತ್ತು.

"ಏಪ್ರಿಲ್‌ನಲ್ಲಿ ಊರಿಗೆ ಹೋದ ಮೇಲೆ ನಾನೇ ಫೋನ್ ಮಾಡುತ್ತೇನೆ" ಎಂದರು. "ಮೊದಲು ದೋಣಿಗೆ ಎಂಥ ಏಣಿ ಇದೆ ಎಂದು ಕೇಳುತ್ತೇನೆ."