ನೀವು ಸ್ಪ್ಯಾಮ್ ಅಂತ ಕಟ್ ಮಾಡಿದ ಕಾಲ್ ನಂದೇ ಇರ್ಬೋದು

ಹನ್ನೊಂದು ವರ್ಷದಿಂದ ಬೆಂಗಳೂರಲ್ಲಿ ಒಂದು ಸಣ್ಣ ಕನ್ಸಲ್ಟೆನ್ಸೀಲಿ ರಿಕ್ರೂಟರ್ ಆಗಿದೀನಿ. ದಾವಣಗೆರೆಗೆ ಹಬ್ಬಕ್ಕೆ ಹೋದ್ರೆ ಸಾಕು, ಬೀದೀಲಿ ಯಾರಾದ್ರೂ ಒಬ್ರು ಮಗನ ರೆಸ್ಯೂಮ್ ಹಿಡ್ಕೊಂಡು ಮನೆಗೆ ಬರ್ತಾರೆ, "ನಿನ್ ಕೈಯಲ್ಲೇ ಐತಲ್ಲವ್ವ, ಎಲ್ಲಾದ್ರೂ ಒಂದ್ ಕಡೆ ಸೇರಿಸ್ಬಿಡು" ಅಂತ. ನನ್ ಕೈಯಲ್ಲಿ ಇರೋದು ಹೆಡ್‌ಸೆಟ್ಟು, ಎಕ್ಸೆಲ್ ಶೀಟು, ಮೂರು ಜನ ಹಂಚ್ಕೊಂಡಿರೋ ನೌಕ್ರಿ ಜಾಬ್ ಪೋರ್ಟಲ್ ಲಾಗಿನ್ನು, ಅಷ್ಟೇ. ಕೆಲಸ ಕೊಡೋದು ನಾನಲ್ಲ. ಆದ್ರೆ ಯಾರ ಹೆಸರು ಮುಂದಕ್ಕೆ ಹೋಗತ್ತೆ ಯಾರ್ದು ಅಲ್ಲೇ ಉಳಿಯತ್ತೆ ಅನ್ನೋದು ನನ್ ಸ್ಕ್ರೀನ್ ಮೇಲೆ ಅರ್ಧ ನಿಮಿಷದಲ್ಲಿ ತೀರ್ಮಾನ ಆಗೋದಂತೂ ಹೌದು, ಅದು ಹೇಗೆ ಅಂತ ಗೊತ್ತಿದ್ರೆ ಕೆಲಸ ಹುಡುಕೋರಿಗೆ ಸ್ವಲ್ಪ ಉಪಯೋಗ ಆಗ್ಬೋದು ಅಂತ ಬರೀತಿದೀನಿ.

ಕ್ಲೈಂಟ್ ಕಡೆಯಿಂದ ರಿಕ್ವೈರ್‌ಮೆಂಟ್ ಬರೋದು ಹೆಚ್ಚಾಗಿ ಸಂಜೆ ಹೊತ್ತು, "ನಾಳೆ ಮಧ್ಯಾಹ್ನದೊಳಗೆ ಐದು ಪ್ರೊಫೈಲ್ ಬೇಕು" ಅಂತ. ಬೆಳಿಗ್ಗೆ ಬಂದು ಕಾಫಿ ಆರೋದ್ರೊಳಗೆ ಸರ್ಚ್ ಹಾಕ್ತೀನಿ. ಜಾವಾ, ಎರಡರಿಂದ ನಾಲ್ಕು ವರ್ಷ, ಬೆಂಗಳೂರು, ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಮೇಲೂ ಕೆಲಸ ಮಾಡ್ಬೇಕಾದ ಅವಧಿ) ಹದಿನೈದು ದಿನದೊಳಗೆ, ಕಳೆದ ಏಳು ದಿನದಲ್ಲಿ ಆ್ಯಕ್ಟಿವ್ ಇದ್ದೋರು. ಏಳೆಂಟುನೂರು ಜನ ಬರ್ತಾರೆ. ಎಲ್ಲಾ ನೋಡ್ತೀನಿ ಅನ್ಕೊಂಡ್ರಾ? ಎರಡು ಪೇಜು, ಮನಸ್ಸಿದ್ರೆ ಮೂರು. ಆರು ತಿಂಗಳ ಹಿಂದೆ ಪ್ರೊಫೈಲ್ ಹಾಕಿ ಮರೆತುಬಿಟ್ಟಿರೋ ಹುಡುಗಿ ಎಷ್ಟೇ ಚುರುಕಿದ್ರೂ ಆ ಏಳು ದಿನದ ಫಿಲ್ಟರ್‌ನಲ್ಲೇ ಜಾರಿ ಹೋಗಿರ್ತಾಳೆ, ಅವಳು ಇದಾಳೆ ಅಂತಾನೇ ನನಗೆ ಗೊತ್ತಾಗಲ್ಲ. ಹಾಗಾಗಿ ಕೆಲಸ ಹುಡುಕ್ತಿರೋವಷ್ಟು ದಿನ ವಾರಕ್ಕೆ ಒಂದೆರಡು ಸಲನಾದ್ರೂ ಲಾಗಿನ್ ಆಗಿ, ಏನೋ ಒಂದು ಲೈನ್ ತಿದ್ದಿ ಸೇವ್ ಮಾಡಿ. ಇನ್ನೊಂದು, ರಾಜೀನಾಮೆ ಕೊಟ್ಟು ಎರಡು ತಿಂಗಳಾಗಿರತ್ತೆ, ಇನ್ನು ಹತ್ತು ದಿನದಲ್ಲಿ ಆಚೆ ಬರ್ತಾರೆ, ಪ್ರೊಫೈಲ್‌ನಲ್ಲಿ ಮಾತ್ರ ಇನ್ನೂ ನೋಟಿಸ್ ಪೀರಿಯಡ್ ಮೂರು ತಿಂಗಳು ಅಂತಲೇ ಇರತ್ತೆ! ನಮ್ ಕಡೆ ಚಿನ್ನದ ಬೆಲೆ ಇರೋದೇ ಬೇಗ ಸೇರೋರಿಗೆ. ಲಾಸ್ಟ್ ವರ್ಕಿಂಗ್ ಡೇ ಹಾಕ್ರಪ್ಪ.

ಎಟಿಎಸ್, ಅಂದ್ರೆ ರೆಸ್ಯೂಮ್ ಜರಡಿ ಹಿಡಿಯೋ ಸಾಫ್ಟ್‌ವೇರ್, ಅದರ ಸ್ಕೋರ್ ತೊಂಬತ್ತು ಬರ್ಬೇಕು ಅಂತ ಯಾರಿಗೋ ಎರಡು ಮೂರು ಸಾವಿರ ಕೊಟ್ಟು ರೆಸ್ಯೂಮ್ ಮಾಡಿಸ್ಕೊಂಡು ಬರ್ತಾರೆ, ಎರಡು ಕಾಲಮ್ಮು, ಬಣ್ಣಬಣ್ಣದ ಪಟ್ಟಿ, ಜಾವಾ ಮುಂದೆ ಐದರಲ್ಲಿ ನಾಲ್ಕು ಸ್ಟಾರು. ಆ ಸ್ಟಾರ್ ಕೊಟ್ಟೋರು ಯಾರು? ಅದನ್ನ ನಮ್ ಫಾರ್ಮ್ಯಾಟ್‌ಗೆ ಕಾಪಿ ಮಾಡೋಕೆ ಹೋದ್ರೆ ಅಕ್ಷರ ಎಲ್ಲಾ ಚೆಲ್ಲಾಪಿಲ್ಲಿ. ಸಾದಾ ವರ್ಡ್ ಫೈಲು, ಎರಡು ಪುಟ, ಮೇಲ್ಗಡೆ ಫೋನ್ ನಂಬರು, ಈಗಿನ ಕೆಲಸದಲ್ಲಿ ದಿನಾ ನಿಜವಾಗ್ಲೂ ಏನ್ ಮಾಡ್ತೀರ ಅನ್ನೋದು ನಾಲ್ಕು ಲೈನು. "ಸೀಕಿಂಗ್ ಎ ಚಾಲೆಂಜಿಂಗ್ ಪೊಸಿಷನ್" ಅನ್ನೋ ಆಬ್ಜೆಕ್ಟಿವ್‌ನ ಈ ಹನ್ನೊಂದು ವರ್ಷದಲ್ಲಿ ನಾನು ಒಂದ್ಸಲಾನೂ ಪೂರ್ತಿ ಓದಿಲ್ಲ.

ಈಗ ಕಾಲ್ ವಿಷಯ. ದಿನಕ್ಕೆ ನಲವತ್ತು ಐವತ್ತು ಕಾಲ್ ಮಾಡೋ ನಂಬರ್‌ನ ಟ್ರೂಕಾಲರ್‌ನಲ್ಲಿ ಯಾರೋ ಪುಣ್ಯಾತ್ಮರು ಸ್ಪ್ಯಾಮ್ ಅಂತ ಹಾಕೇ ಹಾಕಿರ್ತಾರೆ. ನನ್ ನಂಬರ್ ಕೆಂಪಗೆ ಬರತ್ತೆ, ಪರ್ಸನಲ್ ಲೋನ್ ಕೊಡೋರ ಥರ. ನೀವು ಕಟ್ ಮಾಡ್ತೀರ, ನಾನು ಟ್ರ್ಯಾಕರ್‌ನಲ್ಲಿ ಆರ್‌ಎನ್‌ಆರ್ ಅಂತ ಹಾಕಿ ಮುಂದಿನ ಹೆಸರಿಗೆ ಹೋಗ್ತೀನಿ. ಆರ್‌ಎನ್‌ಆರ್ ಅಂದ್ರೆ ರಿಂಗ್ ಆಯ್ತು, ಎತ್ತಲಿಲ್ಲ ಅಂತ. ಆಮೇಲೆ ನೀವು ವಾಪಸ್ ಮಾಡಿದಾಗ ನಾನು ಬೇರೆ ಕಾಲ್‌ನಲ್ಲಿ ಇರ್ತೀನಿ, ಅಲ್ಲಿಗೆ ಮುಗೀತು. ಕೆಲಸ ಹುಡುಕೋ ಎರಡು ಮೂರು ತಿಂಗಳು ಗೊತ್ತಿಲ್ಲದ ನಂಬರ್ ಎತ್ತಿ, ಲೋನ್‌ನೋರಾದ್ರೆ ಬೈದು ಇಡಿ ಪರವಾಗಿಲ್ಲ. ಎತ್ತೋಕಾಗ್ಲಿಲ್ಲ ಅಂದ್ರೆ ವಾಟ್ಸಾಪ್‌ನಲ್ಲಿ ಹೆಸರು, ಯಾವ ಕೆಲಸಕ್ಕೆ ಅಪ್ಲೈ ಮಾಡಿದ್ರಿ, ಎಷ್ಟೊತ್ತಿಗೆ ಮಾತಾಡ್ಬೋದು, ಇಷ್ಟು ಹಾಕಿ. ಬರೀ "ಹಾಯ್" ಬೇಡ. "ಹಾಯ್ ಮೇಡಂ" ಕೂಡ ಬೇಡ.

ಇದನ್ನ ಹೇಳೋಕೆ ಕಾರಣ ಒಬ್ಬ ಹುಡುಗ. ಗದಗ ಕಡೆಯೋನು, 2019ರಲ್ಲಿ ಬಿಇ ಮೆಕ್ಯಾನಿಕಲ್ ಮುಗಿಸಿದಾನೆ. 2024ರ ಮಳೆಗಾಲದಲ್ಲಿ ಗ್ರಾಹಕರಿಗೆ ಕನ್ನಡದಲ್ಲಿ ಸಹಾಯ ಮಾಡೋ ಒಂದು ಸಪೋರ್ಟ್ ಪ್ರಾಸೆಸ್‌ಗೆ ಜನ ಬೇಕಾಗಿತ್ತು, ಇವನಿಗೆ ಎರಡು ದಿನ ಎರಡೆರಡು ಸಲ ಮಾಡಿದೆ, ಕಟ್. ಮೂರನೇ ದಿನ ಎತ್ತಿದ. ಹಿಂದೆ ಬಸ್‌ಸ್ಟ್ಯಾಂಡ್ ಗದ್ದಲ. ರೆಸ್ಯೂಮ್‌ನಲ್ಲಿ 2020ರಿಂದ ಏನೂ ಇಲ್ಲ, ಫ್ರೀಲ್ಯಾನ್ಸಿಂಗ್ ಅಂತ ಒಂದು ಪದ ಅಷ್ಟೇ. ಏನಪ್ಪ ಫ್ರೀಲ್ಯಾನ್ಸಿಂಗು ಅಂತ ಕೇಳಿದ್ರೆ ತಡವರಿಸಿದ, ಡಿಸೈನ್ ಅಂದ, ಆಮೇಲೆ ಆನ್‌ಲೈನ್ ವರ್ಕ್ ಅಂದ. ನಾನು "ಗ್ಯಾಪ್, ಜೆನ್ಯೂನ್ ಅನ್ಸಲ್ಲ" ಅಂತ ಟೈಪ್ ಮಾಡಿ ಫೋನ್ ಇಟ್ಟೆ. ಒಂದು ನಿಮಿಷ ನಲವತ್ತು ಸೆಕೆಂಡ್ ಮಾತಾಡಿದ್ದು, ಕಾಲ್ ಲಾಗ್ ಆಮೇಲೆ ತೆಗೆದು ನೋಡಿದೆ.

ನಾಲ್ಕು ತಿಂಗಳಾದ್ಮೇಲೆ ಒಂದು ಶನಿವಾರ ವಾಕ್‌ಇನ್‌ಗೆ ಅದೇ ಹುಡುಗ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರು, ಅದರೊಳಗೆ ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಎಲ್ಲಾ ಮಾರ್ಕ್ಸ್‌ಕಾರ್ಡು ಒರಿಜಿನಲ್ಲೇ. ಅವತ್ತು ಪ್ಯಾನಲ್‌ನೋರು ಬರೋದು ಲೇಟು, ಸುಮ್ನೆ ಕೂತಿದ್ವಿ, ಊರು ಕೇರಿ ಮಾತಾಡ್ತಾ ಹೋದ್ಮೇಲೆ ನಿಜ ಬಂತು. ಧಾರವಾಡದಲ್ಲಿ ರೂಮ್ ಮಾಡ್ಕೊಂಡು ಪಿಎಸ್‌ಐಗೆ ಓದ್ತಿದ್ನಂತೆ. 545 ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಬರೆದಿದಾನೆ, ಅಕ್ರಮ ಆಚೆ ಬಂದು 2022ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನ ರದ್ದು ಮಾಡ್ತು, ಮರುಪರೀಕ್ಷೆ ಆಗಿದ್ದು 2024ರ ಜನವರೀಲಿ. "ಎರಡು ವರ್ಷ ಮ್ಯಾಲ ಆತ್ರೀ ಮೇಡಂ, ಬಿಟ್ ಬರಾಕೂ ಆಗ್ವಲ್ದು, ಕುಂತ್ ಓದಾಕೂ ಆಗ್ವಲ್ದು" ಅಂದ. ಮತ್ತೆ ಆ ಟೈಮಲ್ಲಿ ಖರ್ಚಿಗೆ ಏನ್ ಮಾಡ್ತಿದ್ದೆ ಅಂದ್ರೆ, ಒಂದು ಕೋಚಿಂಗ್ ಸೆಂಟರ್‌ನಲ್ಲಿ ಬೆಳಿಗ್ಗೆ ಬ್ಯಾಚಿಗೆ ಮೆಂಟಲ್ ಎಬಿಲಿಟಿ ಪಾಠ ಮಾಡ್ತಿದ್ದನಂತೆ, ಅರವತ್ತು ಹುಡುಗರಿಗೆ, ಒಂದೂವರೆ ವರ್ಷ.

ಅರವತ್ತು ಜನರ ಮುಂದೆ ನಿಂತು ಒಂದೂವರೆ ವರ್ಷ ಪಾಠ ಮಾಡಿದೋನು ರೆಸ್ಯೂಮ್‌ನಲ್ಲಿ ಅದನ್ನ ಬಿಟ್ಟು ಫ್ರೀಲ್ಯಾನ್ಸಿಂಗ್ ಅಂತ ಸುಳ್ಳು ಬರೆದಿದಾನೆ! ಯಾಕೋ ಹಿಂಗ್ ಮಾಡ್ದೆ ಅಂದ್ರೆ "ಫೇಲ್ ಆದಾವ ಅಂತ ತಿಳ್ಕೋತಾರ ಅಂತ, ಗೆಳ್ಯಾ ಹೇಳಿದ ರೀ" ಅಂದ. ಸಿಟ್ಟು ಬಂದಿದ್ದು ಅವನ ಮೇಲಲ್ಲ, ನನ್ ಮೇಲೆ. ನಾನು ಅವತ್ತು ಇನ್ನೊಂದು ಪ್ರಶ್ನೆ ಕೇಳಿದ್ರೆ ಅವನ ನಾಲ್ಕು ತಿಂಗಳು ಉಳೀತಿತ್ತು. ಅಲ್ಲೇ ಕೂತು ರೆಸ್ಯೂಮ್ ತಿದ್ದಿಸ್ದೆ, "2020ರಿಂದ 2024, ಸಿವಿಲ್ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಪರೀಕ್ಷಾ ತಯಾರಿ, ಧಾರವಾಡ" ಅಂತ ಒಂದು ಲೈನು, ಕೆಳಗೆ ಪಾಠ ಮಾಡಿದ್ದು ಎರಡು ಲೈನು. ಈಗ ಅವನು ಒಂದು ಫಿನ್‌ಟೆಕ್ ಕಂಪನಿಯ ಕನ್ನಡ ಸಪೋರ್ಟ್ ಟೀಮಲ್ಲಿ ಹೊಸಬರಿಗೆ ಟ್ರೈನಿಂಗ್ ಕೊಡ್ತಾನೆ.

ಇವನೊಬ್ಬನೇ ಅಲ್ಲ. ಕೆಎಎಸ್ 384 ಹುದ್ದೆಯ ಪ್ರಿಲಿಮ್ಸ್ 2024ರ ಆಗಸ್ಟ್‌ನಲ್ಲಿ ಆಗಿ, ಕನ್ನಡ ಅನುವಾದದ ತಪ್ಪುಗಳಿಗೋಸ್ಕರ ಡಿಸೆಂಬರ್ 29ಕ್ಕೆ ಮತ್ತೆ ನಡೀತಲ್ಲ, ಆ ಕಡೆಯಿಂದಲೂ ಈಗ ಬೆಂಗಳೂರಿನ ವಿಜಯನಗರದ ಪಿಜಿಗಳಿಂದ ರೆಸ್ಯೂಮ್ ಬರ್ತಿವೆ. ಇಪ್ಪತ್ತೇಳು ಇಪ್ಪತ್ತೆಂಟು ವರ್ಷ, ಅನುಭವ ಸೊನ್ನೆ ಅಂತ ಬರ್ಕೊಂಡಿರ್ತಾರೆ. ಸರ್ಕಾರಿ ಪರೀಕ್ಷೆಗೆ ಓದಿದ್ದನ್ನ ಮುಚ್ಚಿಡ್ಬೇಡಿ. ಮುಚ್ಚಿಟ್ಟಿದ್ದು ಗೊತ್ತಾದ್ರೆ ಕಷ್ಟ, ಓದಿದ್ದು ಗೊತ್ತಾದ್ರೆ ಏನೂ ಆಗಲ್ಲ. ಅಪ್ಪನ ಅಂಗಡೀಲಿ ಕೂತಿದ್ದು, ಮನೇಲಿ ಯಾರಿಗೋ ಹುಷಾರಿಲ್ಲ ಅಂತ ನಿಂತಿದ್ದು, ಎಲ್ಲಾ ಹೀಗೇ, ಒಂದು ಲೈನಲ್ಲಿ ಬರೀರಿ ಸಾಕು. ಆದ್ರೆ ಎಲ್ಲಾ ಕಂಪನಿನೂ ಒಪ್ಪತ್ತೆ ಅಂತ ನಾನು ಹೇಳಲ್ಲ, ಗ್ಯಾಪ್ ಇದ್ರೆ ಬೇಡವೇ ಬೇಡ ಅನ್ನೋ ಕ್ಲೈಂಟ್‌ಗಳು ನನ್ ಹತ್ರಾನೇ ಎರಡು ಇದಾರೆ, ಅವರಿಗೆ ಎಷ್ಟು ಹೇಳಿದ್ರೂ ಅಷ್ಟೇ.

ಬಿಟಿಎಂ, ಮಾರತ್‌ಹಳ್ಳಿ ಕಡೆ ಎರಡು ಮೂರು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್ ಮಾರೋರು ಸಿಗ್ತಾರೆ, ಪೇಸ್ಲಿಪ್ ಸಮೇತ. ಸಂಬಳಕ್ಕೆ ಆಸೆ ಬಿದ್ದು ಅದಕ್ಕೆ ಕೈ ಹಾಕ್ಬೇಡಿ. ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಯುಎಎನ್, ಅಂದ್ರೆ ನಿಮ್ ಪಿಎಫ್ ನಂಬರ್, ಕೇಳೇ ಕೇಳ್ತಾರೆ, ಪಿಎಫ್ ನೋಡ್ಕೊಳ್ಳೋ ಇಪಿಎಫ್‌ಒ ಸಂಸ್ಥೆಯ ಸರ್ವಿಸ್ ಹಿಸ್ಟರೀಲಿ ಯಾವ ಕಂಪನಿ, ಯಾವತ್ತು ಸೇರಿದ್ದು, ಯಾವತ್ತು ಬಿಟ್ಟಿದ್ದು ಎಲ್ಲಾ ಕೂತಿರತ್ತೆ. ಆಫರ್ ಬಂದು, ಊರಲ್ಲಿ ಸಿಹಿ ಹಂಚಿ, ಸೇರಿ ಎರಡನೇ ತಿಂಗಳಲ್ಲಿ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಬಂದಿರೋರ್ನ ನೋಡಿದೀನಿ.

ಮಾರ್ಕೆಟ್ ಹೇಗಿದೆ ಅಂತ ಎಲ್ರೂ ಕೇಳ್ತಾರೆ. 2021-22ರಲ್ಲಿ ಒಬ್ಬೊಬ್ರ ಕೈಯಲ್ಲಿ ಮೂರು ನಾಲ್ಕು ಆಫರ್ ಇರ್ತಿತ್ತು, ಸೇರೋ ದಿನ ಬೆಳಿಗ್ಗೆ ಫೋನ್ ಸ್ವಿಚ್ ಆಫ್ ಮಾಡ್ಕೊಂಡು ನಮ್ಮನ್ನ ಅಳಿಸ್ತಿದ್ರು. ಈಗ ಉಲ್ಟಾ. 2025ರ ಜುಲೈನಲ್ಲಿ ಟಿಸಿಎಸ್ ಶೇ 2ರಷ್ಟು, ಅಂದ್ರೆ ಸುಮಾರು 12 ಸಾವಿರ ಜನರನ್ನ ಕಡಿಮೆ ಮಾಡ್ತೀವಿ ಅಂದಾಗ ನನ್ ವಾಟ್ಸಾಪ್‌ಗೆ ಬಂದ ಮೆಸೇಜುಗಳಲ್ಲಿ ಹದಿನೈದು ವರ್ಷ ಅನುಭವ ಇದ್ದೋರೇ ಜಾಸ್ತಿ, ಬೇರೆ ಬೇರೆ ಕಂಪನಿಯೋರು, ನಮ್ಮಲ್ಲೂ ಶುರುವಾಗತ್ತೇನೋ ಅನ್ನೋ ಭಯ. ಅವರಿಗೆ ನಾನು ಹೇಳಿದ್ದು ಒಂದೇ, ನಿಮ್ ವಯಸ್ಸಿಗೆ ಪೋರ್ಟಲ್‌ಗಿಂತ ಹಳೇ ಟೀಮ್‌ಮೇಟ್‌ಗಳು ಕೆಲಸಕ್ಕೆ ಬರ್ತಾರೆ, ಸಂಕೋಚ ಬಿಟ್ಟು ರೆಫರಲ್ ಕೇಳಿ, ಕೇಳೋವಾಗ ಜಾಬ್ ಐಡಿ ಹಾಕಿ ಕೇಳಿ. "ಏನಾದ್ರೂ ಇದ್ರೆ ನೋಡು" ಅಂದ್ರೆ ಯಾರೂ ನೋಡಲ್ಲ. ಇನ್ನು ಫ್ರೆಶರ್ಸ್ ಐಟಿ ಒಂದನ್ನೇ ಹಿಡ್ಕೊಂಡು ಕೂರ್ಬೇಡಿ, ಪೀಣ್ಯ, ನರಸಾಪುರ ಕಡೆ ಫ್ಯಾಕ್ಟರಿಗಳಲ್ಲಿ ಡಿಪ್ಲೊಮಾದೋರಿಗೆ, ಅದರಲ್ಲೂ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಹುಡುಗರಿಗೆ, ಡಿಮ್ಯಾಂಡ್ ಇದೆ, ಫೋನ್ ಮಾಡಿದ್ರೆ "ಆಗ್ಲೇ ಸೇರ್ಬಿಟ್ಟೆ ಮೇಡಂ" ಅಂತಾರೆ.

ಇಂಟರ್‌ವ್ಯೂನಲ್ಲಿ ನಿಮ್ ಬಗ್ಗೆ ಹೇಳಿ ಅಂದ್ರೆ "ಮೈ ಫಾದರ್ ಈಸ್ ಎ ಫಾರ್ಮರ್, ಮೈ ಮದರ್ ಈಸ್ ಎ ಹೌಸ್‌ವೈಫ್, ಮೈ ಹಾಬೀಸ್ ಆರ್" ಅಂತ ಬಾಯಿಪಾಠ ಶುರು. ಅಪ್ಪ ಅಮ್ಮನ ಮೇಲೆ ಗೌರವ ಇದೆ, ಆದ್ರೆ ಪ್ಯಾನಲ್‌ನೋರಿಗೆ ಬೇಕಿರೋದು ನೀವು ಏನು ಮಾಡಿದೀರ ಅನ್ನೋದು. ಇಂಗ್ಲಿಷ್ ನಿಧಾನಕ್ಕೆ ಬಂದ್ರೂ ಪರವಾಗಿಲ್ಲ. ಆನ್‌ಲೈನ್ ಇಂಟರ್‌ವ್ಯೂನಲ್ಲಿ ಪಕ್ಕದ ಸ್ಕ್ರೀನ್‌ನಲ್ಲಿ ಎಐ ಕೊಟ್ಟ ಉತ್ತರ ಓದೋದು ಮಾತ್ರ ಬೇಡ, ಕಣ್ಣು ಎಡದಿಂದ ಬಲಕ್ಕೆ ಓಡೋದು ನಮಗೆ ಚೆನ್ನಾಗೇ ಕಾಣತ್ತೆ. ಅದಕ್ಕೇ ಎಷ್ಟೋ ಕಂಪನಿ ಫೈನಲ್ ರೌಂಡ್‌ನ ಆಫೀಸಲ್ಲೇ ಇಡ್ತಿರೋದು.

ಆಫರ್ ಬಂದಾಗ ಸಿಟಿಸಿ (ಕಂಪನಿ ನಿಮಗೋಸ್ಕರ ವರ್ಷಕ್ಕೆ ಮಾಡೋ ಒಟ್ಟು ಖರ್ಚು) ನೋಡಿ ಕುಣೀಬೇಡಿ, ಪೆನ್ನು ತಗೊಳ್ಳಿ. 4.2 ಲಕ್ಷ ಅಂದ್ರೆ ತಿಂಗಳಿಗೆ 35,000. ಅದರಲ್ಲಿ ಶೇ 10 ವೇರಿಯೆಬಲ್ ಇದ್ರೆ 3,500 ಹೋಯ್ತು, ಅದು ವರ್ಷದ ಕೊನೇಲಿ ಬಂದ್ರೆ ಬಂತು. ಕಂಪನಿ ಪಾಲಿನ ಪಿಎಫ್ 1,800, ನಿಮ್ ಪಾಲಿನದು 1,800. ಬೇಸಿಕ್ 17,500 ಇದ್ರೆ ಗ್ರಾಚ್ಯುಟಿ ಅಂತ 840ರ ಹತ್ತಿರ, ಪರ್ಮನೆಂಟ್ ಕೆಲಸದಲ್ಲಿ ಅದು ಕೈಗೆ ಸಿಗೋದು ಐದು ವರ್ಷ ಆದ್ಮೇಲೆ. ಪ್ರೊಫೆಷನಲ್ ಟ್ಯಾಕ್ಸ್ 200. ಉಳಿದಿದ್ದು 26 ಸಾವಿರದ ಚಿಲ್ಲರೆ, ಇನ್ಶೂರೆನ್ಸ್ ಹಿಡಿದ್ರೆ ಇನ್ನೂ ಕಮ್ಮಿ. ಪಿಜಿಗೆ ಎಂಟೋ ಒಂಬತ್ತೋ ಸಾವಿರ ಕೊಟ್ಟು ಊರಿಗೆ ಎಷ್ಟು ಕಳಿಸ್ತೀನಿ ಅಂತ ಹೇಳ್ಬೇಕಾದ್ರೆ ಈ ಕೊನೇ ನಂಬರ್ ಇಟ್ಕೊಂಡು ಹೇಳಿ. ಮತ್ತೆ ನೇಮಕಾತಿ ಪತ್ರ ಕೈಗೆ ಬರೋವರೆಗೂ ಹಳೇ ಕೆಲಸಕ್ಕೆ ರಾಜೀನಾಮೆ ಬೇಡ. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ಆ ಪತ್ರ ಕೊಡೋದು ಕಡ್ಡಾಯ ಅಂತಲೇ ಇದೆ, ಕೇಳೋಕೆ ನಾಚಿಕೆ ಪಡಬೇಡಿ.

ದುಡ್ಡು ಕೇಳಿದ್ರೆ ಅದು ಕನ್ಸಲ್ಟೆನ್ಸಿ ಅಲ್ಲ. ನಮಗೆ ಕೊಡೋದು ಕಂಪನಿ, ಸೇರಿದೋರ ವರ್ಷದ ಸಂಬಳದಲ್ಲಿ ಶೇ 8.33, ಅಂದ್ರೆ ಒಂದು ತಿಂಗಳ ಸಂಬಳ, ಅನ್ನೋದು ನಮ್ ಫೀಲ್ಡಿನ ಹಳೇ ಲೆಕ್ಕ. ನಿಮ್ಮಿಂದ ರಿಜಿಸ್ಟ್ರೇಷನ್ ಫೀಸು, ಲ್ಯಾಪ್‌ಟಾಪ್ ಡೆಪಾಸಿಟ್ಟು, ಬ್ಯಾಕ್‌ಡೋರ್‌ಗೆ ಎರಡು ಲಕ್ಷ ಅಂತ ಕೇಳೋರು ಎಷ್ಟು ಚಂದ ಲೆಟರ್‌ಹೆಡ್ ಕಳಿಸಿದ್ರೂ ನಂಬಬೇಡಿ. ಈಗಾಗ್ಲೇ ಕಳಿಸಿಬಿಟ್ಟಿದ್ರೆ ಯಾರಿಗೂ ಹೇಳ್ದೆ ಕೂರ್ಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯೋ ಸಾಧ್ಯತೆ ಜಾಸ್ತಿ. ನಮ್ಮ ಚಿಕ್ಕಪ್ಪನ ಮಗನೇ ಏರ್‌ಪೋರ್ಟ್ ಕೆಲಸ ಅಂತ ಹದಿನೆಂಟು ಸಾವಿರ ಕಟ್ಟಿ, ನನಗೆ ಹೇಳಿದ್ದು ಮೂರು ವಾರ ಆದ್ಮೇಲೆ, ನಾನು ಮನೇಲೇ ಇದೀನಿ ಮಾರಾಯ ಒಂದ್ ಮಾತು ಕೇಳೋದಲ್ವಾ ಅಂದ್ರೆ "ನೀನು ಬೈತೀಯ ಅಂತ" ಅಂದ.

ಮೊನ್ನೆ ಆ ಗದಗದ ಹುಡುಗ ತನ್ನ ತಮ್ಮನ ರೆಸ್ಯೂಮ್ ಕಳಿಸಿದ್ದ, ಜೊತೆಗೆ ಅವನ ಫೋನ್‌ನಲ್ಲಿ ನನ್ ನಂಬರ್ ಹೇಗೆ ಸೇವ್ ಆಗಿದೆ ಅಂತ ಸ್ಕ್ರೀನ್‌ಶಾಟ್. "ಎಚ್‌ಆರ್ ಅಕ್ಕಾರು, ಸ್ಪ್ಯಾಮ್ ಅಲ್ಲ" ಅಂತ. ತಮ್ಮನಿಗೆ ನಿನ್ನೆ ಎರಡು ಸಲ ಮಾಡಿದೆ. ಆರ್‌ಎನ್‌ಆರ್.